ಡಿಂಪ್ನಾ ತುಂಬಿದ ಚೌಕ

"ನೋಡ್ತಾ ನಿಂತ್ರೆ ಬ್ರೆಡ್ಡಿಗೆ ಬೆಣ್ಣೆ ಹತ್ತಲ್ಲ ಕಣಮ್ಮಾ, ತಗೋ," ಎಂದು ಅಟ್ರಾಕ್ಟಾ, ಊರ ಸಭಾಂಗಣದ ಅಡುಗೆಮನೆಗೆ ಹಿಂಬಾಗಿಲಿಂದ ಕಾಲಿಟ್ಟ ಕಪ್ಪು ಕೋಟಿನ ಹೆಂಗಸಿನ ಕೈಗೆ ಚಾಕು ಕೊಟ್ಟು, ಸೊಂಟಕ್ಕೆ ತಾನೇ ಏಪ್ರನ್ ಕಟ್ಟಿದಳು.

"ನಾನು ಯೂನಾ. ಹನ್ನೊಂದು ಗಂಟೆಗೆ ಬನ್ನಿ ಅಂತ ಡಿಂಪ್ನಾ ಗಾಹನ್ ಅವ್ರು..."

"ನಮ್ಮನ್ನೆಲ್ಲ ಇಲ್ಲಿಗೆ ಕರೆದಿದ್ದು ಅವಳೇ. ಈಗ ತನ್ನ ಮಣ್ಣಿಗೂ ಕರೆಸ್ಕೊಂಡ್ಲು. ಬೆಣ್ಣೆ ಅಂಚಿನ ತನಕ ಬರ್ಲಿ."

ಯೂನಾಳ ಕೈ ನಿಂತಿತು. ಜಿಲ್ಲಾ ಕೌನ್ಸಿಲ್ಲಿನಲ್ಲಿ ಊರ ಸಂಘಗಳ ಅನುದಾನದ ಅರ್ಜಿಗಳನ್ನು ಪರಿಶೀಲಿಸುವುದು ಅವಳ ಕೆಲಸ. ಅರ್ಜಿ ಹಾಕಿದ ಡಿಂಪ್ನಾ ಮೂರು ದಿನದ ಹಿಂದೆ ಅಂಚೆ ಕಚೇರಿಯ ಮೆಟ್ಟಿಲಲ್ಲಿ ಕುಸಿದು ತೀರಿಕೊಂಡದ್ದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಬೀದಿಯ ಕಾರುಗಳನ್ನು ಕಂಡು ಸಂತೆಯಿರಬೇಕು ಎಂದುಕೊಂಡಿದ್ದಳು.

ಹಳದಿ ಜಾಕೀಟು ತೊಟ್ಟ ಮುದುಕ ಫಿಂಟನ್ ಬಾಗಿಲಲ್ಲಿ ತಲೆ ಹಾಕಿದ. "ಆ ಕೌನ್ಸಿಲಿನ ಮ್ಯಾಂಗನ್ ಸಾಹೇಬ ಇನ್ನೂ ಬಂದಿಲ್ಲ ಮಾರಾಯ್ತಿ."

"ಟೈ ಕಟ್ಟಿ ಕಡತ ಹಿಡಿದೋನು ಕಂಡ್ರೆ ಬಿಡಬೇಡ ಅಂದಿದ್ನಲ್ಲ?"

"ಟೈ ಕಟ್ಟಿರೋ ಒಬ್ಬನ್ನ ಹಿಡಿದೆ. ಏಣಿ ಹತ್ತಿಸಿ ಸೋರೋ ಚಾವಣಿಯನ್ನೆಲ್ಲ ತೋರಿಸ್ದೆ. ಆಮೇಲೆ ನೋಡಿದ್ರೆ ಲೀಡ್ಸಿಂದ ಮಣ್ಣಿಗೆ ಬಂದಿರೋ ಡಿಂಪ್ನಾಳ ಚಿಕ್ಕಪ್ಪನ ಮಗ. ಪಾಪ, ಚಾವಣಿ ಹೋಗಿದೆ ಅಂತ ಒಪ್ಕೊಂಡ."

ಒಲೆಯ ಬಳಿಯಿದ್ದ ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಯೂನಾ ಬಂದಾಗ ಮೇಜಿನ ಮೇಲಿಟ್ಟಿದ್ದ ತನ್ನ ಕಡತವನ್ನು ಮೆಲ್ಲಗೆ ಬ್ರೆಡ್ಡಿನ ರಾಶಿಯ ಹಿಂದೆ ಸರಿಸಿದಳು. "ಯು. ಮ್ಯಾಂಗನ್" ಎಂದು ಕೌನ್ಸಿಲ್ಲಿನ ಪತ್ರಕ್ಕೆ ಸಹಿ ಹಾಕಿದ್ದು ಅವಳೇ.

"ಇದು ಮೂರನೇ ಅರ್ಜಿ," ಅಟ್ರಾಕ್ಟಾ ಗೊಣಗಿದಳು. "ಚಾವಣಿಗೆ ಅನುದಾನ ಬರದಿದ್ರೆ ತಿಂಗಳ ಕೊನೆಗೆ ಇಲ್ಲಿಗೆ ಬೀಗ. ಸ್ವಯಂಸೇವಕರ ಸಂಖ್ಯೆ ಎಷ್ಟು ಅಂತ ಅರ್ಜೀಲಿ ಒಂದು ಚೌಕ. ಅದ್ರಲ್ಲಿ ಡಿಂಪ್ನಾ 'ಎಲ್ಲರೂ' ಅಂತ ಬರೆದ್ಲು. ಮೂರು ಸಲಾನೂ. ಆ ಪುಣ್ಯಾತ್ಮ ಕೆಂಪು ಶಾಯೀಲಿ ಸುತ್ತು ಹಾಕಿ, 'ಇದು ಸಂಖ್ಯೆಯಲ್ಲ' ಅಂದ. ಈ ಸಲ ಕಣ್ಣಾರೆ ನೋಡೋಕೆ ಬರ್ತಾನಂತೆ."

"ಸಂಖ್ಯೇನೇ ಬರೀಬಹುದಿತ್ತಲ್ಲ?" ಯೂನಾ ಮೆಲ್ಲಗೆ ಕೇಳಿದಳು.

ಫಿಂಟನ್ ಜಾಕೀಟಿನ ಅಂಚು ಎಳೆದುಕೊಂಡ. "ನನ್ನ ದೆಸೆಯಿಂದ್ಲೇ ಅವಳು ಬರೀಲಿಲ್ಲ ಅಂತ ಕಾಣತ್ತೆ," ಎಂದ.

* * *

ಹೆಂಡತಿ ತೀರಿಕೊಂಡ ಮೇಲೆ ಫಿಂಟನ್ ಎಂಟು ತಿಂಗಳು ಕಿಟಕಿಯ ಪರದೆ ಸರಿಸಿರಲಿಲ್ಲ. ಅಂಚೆ ಕಚೇರಿಯ ಕಿಂಡಿಯ ಹಿಂದೆ ಕೂತೇ ಊರಿನಲ್ಲಿ ಯಾರು ಕಾಣುತ್ತಿಲ್ಲವೆಂದು ಗಮನಿಸುತ್ತಿದ್ದ ಡಿಂಪ್ನಾ, ಒಂದು ಶನಿವಾರ ಹಳದಿ ಜಾಕೀಟು ಹಿಡಿದು ಅವನ ಬಾಗಿಲು ತಟ್ಟಿದಳು.

"ನಾಳೆ ಫುಟ್‌ಬಾಲ್ ಆಟಕ್ಕೆ ಕಾರುಗಳ ದಂಡೇ ಬರತ್ತೆ ಫಿಂಟನ್. ನಿಲ್ಲಿಸೋಕೆ ಜನ ಇಲ್ಲ. ನೀನು ಬರ್ದಿದ್ರೆ ನನ್ನ ಮಾನ ಹೋಗತ್ತೆ."

ಬಂದದ್ದು ನಾಲ್ಕು ಕಾರು. ಅದರಲ್ಲಿ ಒಂದು ಡಿಂಪ್ನಾಳದು. ಅವಳು ಮೂರು ಸಲ ಸುತ್ತಿ ಬಂದು, ಮೂರು ಸಲವೂ ಗಾಜು ಇಳಿಸಿ, "ಎಲ್ಲಿ ನಿಲ್ಸಲಿ ಸಾರ್?" ಎಂದು ಕೇಳಿದಳು. ಮೂರನೇ ಸಲ ಅವನು ನಕ್ಕ.

ಆ ವಾರವೇ ಅವಳು ಅಂಚೆ ಕಚೇರಿಯಲ್ಲಿ ಮೊದಲ ಅರ್ಜಿ ತುಂಬಿದ್ದು.

"ಹತ್ತೊಂಬತ್ತು ಅಂತ ಹಾಕು, ಮುಗೀತು," ಎಂದಳು ಪಕ್ಕದಲ್ಲಿ ನಿಂತಿದ್ದ ಅಟ್ರಾಕ್ಟಾ.

"ಹಾಕಿದ್ರೆ ಇಪ್ಪತ್ತನೆಯವರು ಹೊರಗೇ ಉಳೀತಾರಲ್ಲೇ. ಅವರಿನ್ನೂ ಬಾಗಿಲು ತೆಗೆದಿಲ್ಲ, ಅಷ್ಟೆ."

* * *

ಚರ್ಚಿನ ಗಂಟೆ ಮೊಳಗಿತು. "ಬಂದ್ಲು," ಎಂದು ಯಾರೋ ಕೂಗಿದರು.

ಚರ್ಚಿನಿಂದ ಸ್ಮಶಾನಕ್ಕೆ ಹೋಗುವ ಶವದ ಗಾಡಿ, ಸತ್ತವರು ದುಡಿದ ಜಾಗದ ಮುಂದೆ ಒಂದು ನಿಮಿಷ ನಿಲ್ಲುವುದು ಅಲ್ಲಿಯ ವಾಡಿಕೆ. ಅಂಚೆ ಕಚೇರಿಯ ಮುಂದೆ ನಿಂತಿತು. ಅಲ್ಲಿಂದ ಹೊರಟು ಸಭಾಂಗಣದ ಮುಂದೆಯೂ ನಿಂತಿತು. ಅಡುಗೆಮನೆಯವರೆಲ್ಲ ಇದ್ದಂತೆಯೇ ಬೀದಿಗೆ ಹರಿದು ಬಂದರು. ಒಬ್ಬಳ ಕೈಯಲ್ಲಿ ಚಹಾದ ಕೆಟಲು, ಒಬ್ಬಳ ಮೊಣಕೈವರೆಗೆ ಹಿಟ್ಟು. ಫುಟ್‌ಬಾಲ್ ತಂಡ, ಹಾಡುವವರು, ನಿನ್ನೆ ಮೊನ್ನೆ ಊರಿಗೆ ಬಂದು ನೆಲೆಸಿದವರು ಎಲ್ಲರೂ ಎರಡೂ ಬದಿ ಸಾಲಾಗಿ ನಿಂತರು. ನಡುರಸ್ತೆಯಲ್ಲಿ ಫಿಂಟನ್ ಎರಡು ಕೈ ಚಾಚಿ ಹೆದ್ದಾರಿಯನ್ನೇ ತಡೆದಿದ್ದ. ಗುಡ್ಡದ ತಿರುವಿನವರೆಗೂ ಲಾರಿಗಳು ನಿಂತಿದ್ದವು. ಒಬ್ಬನೂ ಹಾರ್ನ್ ಮಾಡಲಿಲ್ಲ. ಯಾರೋ ಒಬ್ಬರು ಗೌರವಕ್ಕೆ ಚಪ್ಪಾಳೆ ಶುರು ಮಾಡಿದರು. ಅದು ಬೀದಿಯುದ್ದಕ್ಕೂ ಹಬ್ಬಿ, ಗಾಡಿ ಹೊರಟ ಮೇಲೂ ನಿಲ್ಲಲಿಲ್ಲ.

ಯೂನಾ ಎಣಿಸಲು ನೋಡಿದಳು. ಎಪ್ಪತ್ತು ದಾಟಿದ ಮೇಲೆ ಕಣ್ಣು ಮಂಜಾಯಿತು.

ಒಳಗೆ ಬಂದು ಕಡತ ಎತ್ತಿಕೊಂಡಳು. "ಅಟ್ರಾಕ್ಟಾ, ಆ ಕೆಂಪು ಸುತ್ತು ಹಾಕಿದ್ದು ನಾನೇ. ಯೂನಾ ಮ್ಯಾಂಗನ್."

ಅಟ್ರಾಕ್ಟಾ ಅವಳನ್ನೂ ಅವಳು ಹಚ್ಚಿದ ಬ್ರೆಡ್ಡನ್ನೂ ನೋಡಿದಳು. "ಇಷ್ಟು ತೆಳ್ಳಗೆ ಬೆಣ್ಣೆ ಹಚ್ಚುವಾಗಲೇ ನನಗೆ ಗೊತ್ತಾಗಬೇಕಿತ್ತು, ಸರ್ಕಾರದ ಕೈ ಅಂತ."

ಎಲ್ಲರಿಗಿಂತ ಮೊದಲು ಯೂನಾಳೇ ನಕ್ಕಳು. "ಚಾವಣಿ ಆಗತ್ತೆ. ಕೊನೇ ಸಹಿ ನನ್ನದೇ. ಪೆನ್ನು ಕೊಡ್ತೀರಾ?"

ಆರು ಪೆನ್ನುಗಳು ಮುಂದೆ ಬಂದವು.

'ಎಲ್ಲರೂ' ಎಂಬುದರ ಕೆಳಗೆ, "ನೋಡಿದೆ. ಸರಿಯಾಗಿದೆ" ಎಂದು ಬರೆದು ಅವಳು ಸಹಿ ಹಾಕಿದಳು. ಕಾಗದ ಒತ್ತಿ ಹಿಡಿದಿದ್ದ ಹೆಬ್ಬೆರಳನ್ನು ತೆಗೆದಾಗ, ಕೆಂಪು ಸುತ್ತಿನೊಳಗೆ, ಡಿಂಪ್ನಾಳ ದುಂಡು ಅಕ್ಷರದ ಮೇಲೆ ಬೆಣ್ಣೆಯ ಗುರುತೊಂದು ಮೂಡಿತ್ತು. ಕಾಗದ ಎತ್ತಿ ಹಿಡಿದರೆ ಅಷ್ಟು ಜಾಗ ತಿಳಿಯಾಗಿ, ಕಿಟಕಿಯ ಬೆಳಕು ಅದರ ಮೂಲಕ ಕಾಣುತ್ತಿತ್ತು.