ಒಳಗಿಂದ ಆಯ್ತು ಎನ್ನುವವಳು

ಆಸ್ಪತ್ರೆಯಲ್ಲಿ ಎದುರು ಬೆಂಚಿನ ಮುದುಕನ ಗಂಟಲಗಂಟು ಮೇಲೆ ಹೋಯಿತು, ಕೆಳಗೆ ಬಂತು, ಬಾಟಲಿಯ ನೀರು ಗುಟುಕು ಗುಟುಕಾಗಿ ಇಳಿಯುತ್ತಿದೆ, ಎಷ್ಟು ಸಲೀಸು, ನುಂಗುವುದೂ ಒಂದು ಕೆಲಸವೆಂದು ಅವನಿಗೆ ಗೊತ್ತೇ ಇಲ್ಲ — ನನಗೂ ಗೊತ್ತಿರಲಿಲ್ಲ, ಹಸು ಸಾಯುವವರೆಗೆ. ಈಗ ಉಗುಳು ನುಂಗುವುದಕ್ಕೂ ಮೊದಲು ಯೋಚಿಸಬೇಕು, ಇಲ್ಲೇ, ಕುತ್ತಿಗೆಯ ಗುಳಿಗಿಂತ ತುಸು ಮೇಲೆ, ಗೋಲಿಯಷ್ಟು ದಪ್ಪದ್ದೊಂದು ಕೂತಿದೆ, ಏಳದು, ಇಳಿಯದು. ಪಕ್ಕದಲ್ಲಿ ಓರಗಿತ್ತಿ, ನನ್ನ ಮೈದುನನ ಹೆಂಡತಿ, ಬಂದ ದಿನದಿಂದ ಅಕ್ಕಾ ಅಕ್ಕಾ ಎಂದು ಬೆನ್ನು ಹತ್ತಿದವಳು, ಈಗ ಬಸುರಿ ಬೇರೆ, ಬಿಸಿನೀರಿನ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಒಂದು ಗುಟುಕು ಕುಡೀತೀಯಾ ಅಕ್ಕಾ, ಬೇಡ ಕಣೆ, ಬೆನ್ನು ನೀವ್ಲಾ, ಬೇಡ, ಆದರೂ ಅವಳ ಕೈ ಬೆನ್ನ ಮೇಲೆ ಬಂತು, ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ, ಹಸುವಿನ ಬೆನ್ನನ್ನೂ ಹೀಗೇ ನೀವುತ್ತಿದ್ದಳು, ಹೊಟ್ಟೆ ಬಿಗಿದು ಕಾಲು ಚಾಚಿ ಬಿದ್ದಿದ್ದ ಹಸುವನ್ನು, ಏಳಮ್ಮ, ಏಳು, ಎನ್ನುತ್ತ. ದನದ ಡಾಕ್ಟರು ಕೈ ತೊಳೆದುಕೊಳ್ಳುತ್ತ ಹೇಳಿದರು, ಮೂಟೆ ನುಚ್ಚು ತಿಂದು ಮೇಲೆ ನೀರು ಕುಡಿದಿದೆ, ಒಳಗೇ ಹುಳಿತು ಉಬ್ಬಿದೆ, ಗಬ್ಬದ ಹಸು ಬೇರೆ, ಬಾಗಿಲು ಯಾರು ಬಿಟ್ಟಿದ್ದು.

ಬಾಗಿಲು. ಕೊಟ್ಟಿಗೆಯೊಳಗಿನ ನುಚ್ಚಿನ ಕೋಣೆಗೆ ಅತ್ತೆ ಮಾಡಿದ ಕಟ್ಟಳೆಯೊಂದಿದೆ, ಕಡೆಗೆ ಹೊರಬಂದವರು ಸರಪಳಿ ಚಿಲಕವನ್ನು ಕೊಂಡಿಗೆ ಸಿಕ್ಕಿಸಿ ಹಾಕ್ದೆ ಎಂದು ಕೂಗಬೇಕು, ಅಡಿಗೆಮನೆಯಲ್ಲಿದ್ದವರು ಆಯ್ತು ಎನ್ನಬೇಕು, ಆಯ್ತು ಕೇಳುವವರೆಗೆ ಕದಲಬಾರದು. ಗಂಡಸರು ನಗುತ್ತಿದ್ದರು, ಇದೇನು ರೈಲ್ವೆ ಸ್ಟೇಷನ್ನಾ, ಬಾವುಟಾನೂ ತೋರಿಸ್ಬೇಕಾ, ನಕ್ಕರೂ ಕೂಗುತ್ತಿದ್ದರು. ಆ ಸಂಜೆ ಅವಳೂ ಕೂಗಿದಳು, ಹಾಕ್ದೆ ಅಕ್ಕಾ, ಒಲೆಯ ಮುಂದಿನಿಂದ ನಾನು ಆಯ್ತು ಅಂದೆ, ಅಂದೆನಲ್ಲ, ಇದೇ ಬಾಯಿಂದ. ಆಮೇಲೆ ಕೋಳಿಗಳಿಗೆ ಸಾಲದೆಂದು ನಾನೇ ಹೋದೆ, ಮೊರದ ತುಂಬ ನುಚ್ಚು, ಎರಡೂ ಕೈ ತುಂಬಿದೆ, ಬಾಗಿಲನ್ನು ಕಾಲಿನಲ್ಲಿ ಎಳೆದುಕೊಂಡೆ, ಚಿಲಕ ಆಮೇಲೆ ಹಾಕಿದರಾಯಿತು — ಕೂಗಲಿಲ್ಲ, ಯಾರಿಗೆ ಕೂಗಲಿ, ಒಳಗಿಂದ ಆಯ್ತು ಎನ್ನುವವಳು ನಾನೇ, ನಾನೇ ಹೊರಗಿದ್ದರೆ ಅಡಿಗೆಮನೆಯಲ್ಲಿ ಯಾರಿದ್ದಾರೆ, ಗೋಡೆಗೆ ಕೂಗಿದ್ದರೂ ಸಾಕಿತ್ತು, ಉತ್ತರ ಬರಲಿಲ್ಲವಲ್ಲ ಎಂದು ತಿರುಗುತ್ತಿದ್ದೆ, ಬಾಗಿಲ ಮೇಲಂಚಿನಿಂದ ಸರಪಳಿ ಇಳಿಬಿದ್ದು ಸಣ್ಣಗೆ ತೂಗುತ್ತಿರುವುದು ಕಾಣುತ್ತಿತ್ತು — ಕಂಡಿತ್ತು, ಕಣ್ಣಂಚಿನಲ್ಲಿ ಕಂಡೇ ಇತ್ತು, ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂತು, ಓಡಿದೆ. ಕರು ಹಾಕುವ ದಿನ ಹತ್ತಿರವಾಯಿತೆಂದು ಹಸುವನ್ನು ಕಟ್ಟಿರಲಿಲ್ಲ, ಮೂತಿಯಲ್ಲಿ ದೂಡಿದರೆ ತೆರೆಯುವ ಬಾಗಿಲು.

ಬೆಳಿಗ್ಗೆ ಅತ್ತೆ ಕೇಳಿದ್ದು ಇಷ್ಟೇ, ಒಲೆ ಮುಂದೆ ನೀನಿದ್ದೆಯಲ್ಲ, ಇವಳು ಕೂಗಿದ್ಲಾ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ಅವಳೂ, ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕ ಹೇಳುತ್ತಾಳೆ ಬಿಡಿ ಎನ್ನುವ ಮುಖದಲ್ಲಿ. ನಂಗೆ ಕೇಳಿಸ್ಲಿಲ್ಲ. ಕೂಗಲಿಲ್ಲ ಅಂದೆನಾ, ಇಲ್ಲವಲ್ಲ, ಕೇಳಿಸಲಿಲ್ಲ ಅಂದೆ, ಎರಡಕ್ಕೂ ವ್ಯತ್ಯಾಸವಿದೆ — ಏನು ವ್ಯತ್ಯಾಸ, ಆ ಮಾತು ಹೊರಗೆ ಹೋದ ಜಾಗಕ್ಕೇ ಇದು ಬಂದು ಕೂತಿತು, ಮಧ್ಯಾಹ್ನದ ಮೊದಲ ತುತ್ತೇ ಇಳಿಯಲಿಲ್ಲ. ಹೋದ ಸಲ ಬಂದಾಗ ಇಲ್ಲಿನ ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ನೋಡಿದರು, ಏನೂ ಇಲ್ಲ, ಮನಸ್ಸಿಗೆ ಏನಾದ್ರೂ ಹಚ್ಕೊಂಡಿದೀರಾ ಎಂದರು. ಏನೂ ಇಲ್ಲದ್ದಕ್ಕೆ ಇಷ್ಟು ನಾಟಕವಾ, ಹೋಗ್ಲಿ, ಮನೇಲಿ ಮಾತಾದ್ರೂ ಕಮ್ಮಿಯಾಯ್ತು, ನನ್ನ ಗಂಡ ನಕ್ಕ, ಅವಳೊಬ್ಬಳೇ ಅವನಿಗೆ ಎದುರಾಡಿದಳು, ಭಾವ, ಅಕ್ಕಂಗೆ ನಿಜವಾಗ್ಲೂ ಇಳಿಯಲ್ಲ, ನಾನು ನೋಡಿದೀನಿ. ಕೊಟ್ಟಿಗೆಗೆ ಕಾಲಿಡಬೇಡ ಎಂದು ಅತ್ತೆ ಹೇಳಿಬಿಟ್ಟಿದ್ದಾರಲ್ಲ, ಅವಳಿಗೀಗ ನನ್ನ ಗಂಟಲೇ ಕೆಲಸ. ಇವತ್ತು ಬರುವಾಗ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು, ಅಕ್ಕಾ, ನಾನು ಕೂಗ್ದೆ ಅಂತಾನೇ ನೆನಪಿತ್ತು, ನೀನು ಆಯ್ತು ಅಂದಿದ್ದೂ ಕೇಳಿಸ್ದಂಗಿತ್ತು, ಆದ್ರೆ ನೀನು ಸುಳ್ಳು ಹೇಳೋಳಲ್ಲ, ನನ್ನ ತಲೇನೇ ಸರಿಯಿಲ್ಲ, ಒಲೆ ಆರಿಸಿದೀನಾ ಅಂತ ಎದ್ದೆದ್ದು ನೋಡ್ತೀನಿ, ನಾಳೆ ಮಗೂನ ಎಲ್ಲಿ ಮಲಗಿಸ್ದೆ ಅನ್ನೋದೇ ಮರೆತ್ರೆ ಏನು ಗತಿ. ಹೇಳು, ಈಗಲೇ ಹೇಳು, ಎಂದಿತು ಒಳಗೆ, ಗೋಲಿ ಇನ್ನಷ್ಟು ಬಿಗಿಯಿತು, ಬಸ್ಸು ನಿಂತಿತು, ಇಳಿದೆವು.

ನಮ್ಮ ಸರದಿ. ಅವಳು ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಬಂದು ನಿಂತಿದ್ದಾಳೆ, ಡಾಕ್ಟರು ಚಪ್ಪಟೆ ಕಡ್ಡಿಯಿಂದ ನಾಲಗೆ ಒತ್ತಿ, ದೊಡ್ಡದಾಗಿ ತೆಗೀರಿ ಎನ್ನುತ್ತಿದ್ದಾರೆ, ಟಾರ್ಚಿನ ಬೆಳಕು, ಡಾಕ್ಟ್ರೇ ಇವರದು ಮುಗಿದ್ಮೇಲೆ ನನ್ನ ಮರೆವಿಗೂ ಒಂದು ಔಷಧಿ ಬರ್ಕೊಡಿ, ಏನಮ್ಮಾ ಮರೀತೀರಿ, ಬಾಗಿಲು ಹಾಕೋದು — ಎಷ್ಟು ಸಣ್ಣ ದನಿ, ಅವಳ ಕೈ ಮತ್ತೆ ನನ್ನ ಬೆನ್ನ ಮೇಲೆ. ನೀವೇ ನೋಡಿ, ಏನೂ ಇಲ್ಲ, ಡಾಕ್ಟರು ಪುಟ್ಟ ಕನ್ನಡಿ ಹಿಡಿದಿದ್ದಾರೆ, ಕೆಂಪಗಿನ ಗುಹೆ, ಅದರ ನಡುವೆ ಕಿರುನಾಲಗೆ, ಇನ್ನು ಬಾಯಿ ಮುಚ್ಚಬಹುದು, ಮುಚ್ಚಿ, ಅಕ್ಕಾ ಮುಚ್ಚು, ಕಡ್ಡಿ ತೆಗೆದಾಗಿದೆ, ಮುಚ್ಚಲಾಗುತ್ತಿಲ್ಲ, ಮೇಲಂಚಿನಿಂದ ಇಳಿಬಿದ್ದಿದೆ, ಕೊಂಡಿಗೆ ಸಿಕ್ಕಿಲ್ಲ, ಉಸಿರಿಗೆ ಸಣ್ಣಗೆ ತೂಗುತ್ತಿದೆ, ತೂಗುತ್ತಿದೆ