ಕೊಬ್ಬರಿ ಚೂರಿನೊಳಗೆ ಅರ್ಧ ಮಾತ್ರೆ

ಸ್ಟೀಲ್ ಮೇಜಿನ ಮೇಲೆ ಉಗುರು ಜಾರುವ ಸದ್ದು, ಕರಿಹಲಗೆಯ ಮೇಲೆ ಸೀಮೆಸುಣ್ಣ ಮುರಿದಾಗ ಬರುವಂಥದ್ದೇ, ಗಟ್ಟಿ ಹಿಡ್ಕೊಳ್ಳಿ ಮೇಡಂ ಎನ್ನುತ್ತಾರೆ ಪಶುವೈದ್ಯ ಸೂರ್ಯಪ್ರಕಾಶ್, ಜೀವಿತಾ ಹಿಡಿದುಕೊಳ್ಳುತ್ತಾಳೆ, ಅಂಗೈ ಕೆಳಗೆ ಚಿಪ್ಪನ ಪಕ್ಕೆಲುಬು ಒಂದೊಂದೂ ಕೈಗೆ ಸಿಗುತ್ತದೆ, ಹೋದ ವಾರ ಸಿಗುತ್ತಿರಲಿಲ್ಲ, ಹೋದ ವಾರ ಈ ನಾಯಿ ಹೊನ್ನವಳ್ಳಿಯ ತೋಟದ ತುಂಬಾ ಅಳಿಲು ಅಟ್ಟುತ್ತಿತ್ತು — ಮರದಿಂದ ಕೆಡವಿದ ಕಾಯಿಯೊಂದು ಮುಂಗಾಲಿಗೆ ಬೀಳುವ ತನಕ. ಬೆಳಿಗ್ಗೆ ಕಕ್ಕಿದ್ದು ಕಾಫಿ ಚರಟದ ಹಾಗಿತ್ತು, ಹೊಟ್ಟೆಯೊಳಗೆ ಸೋರಿದ ರಕ್ತ ಹಾಗೆ ಕಪ್ಪಾಗುತ್ತದೆ, ಮೈಕ್ರೋಬಯಾಲಜಿ ಓದಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಟ್ಟೆ ಒಳಗೆಲ್ಲ ಊತ, ಜೊತೆಗೆ ಇನ್ಫೆಕ್ಷನ್ನೂ ಇರೋ ಹಾಗಿದೆ, ಏನು ತಿಂದಿತ್ತು? ಪ್ರಶ್ನೆ ಬಂದದ್ದು ಅವಳ ಕಡೆಗೇ, ಆದರೆ ಬಾಗಿಲಲ್ಲಿ ನಿಂತ ಗಿಡ್ಡಯ್ಯ, ತೋಟದಲ್ಲಿ ಕೊಬ್ಬರಿ ಸುಲಿಯುವವನು, ಮೊದಲೇ ಅಂದುಬಿಟ್ಟ, ನಂದೇ ತಪ್ಪು ಸಾ, ಸುಲಿಯೋವಾಗ ಕೌಟು ಹಿಡಿದಿದ್ದು ಒಂದು ಸಿಕ್ತು, ಇದ್ರ ಮುಂದಕ್ಕೆ ಎಸ್ದೆ, ತಿಂದ್ಬುಡ್ತು. ಅಲ್ಲ ಕಣಯ್ಯ, ಆ ಹಾಳು ಕೊಬ್ಬರೀನ ನೀನು ತಿಂತೀಯಾ? ಎಂದು ಡಾಕ್ಟರ್ ಗದರುತ್ತಾರೆ. ಗಿಡ್ಡಯ್ಯ ತಲೆ ತಗ್ಗಿಸುತ್ತಾನೆ, ಮೂವತ್ತು ವರ್ಷ ಕೊಬ್ಬರಿ ಒಣಗಿಸುವ ಅಟ್ಟ ಹತ್ತಿ ಇಳಿದವನು, ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿರುವುದು ಒಳ್ಳೆಯದೋ ಕೆಟ್ಟಿದ್ದೋ ಹೇಳುವವನು, ಈಗ ಜೀವಿತಾಳನ್ನು ಹಾಗೆ ಅಲ್ಲಾಡಿಸಿದರೆ ಏನು ಕೇಳೀತು ಅವನಿಗೆ. ಕೌಟು ಅಲ್ಲ, ಅಷ್ಟು ಚೂರಿಗೆ ಹೀಗಾಗುವುದಿಲ್ಲ — ಅದರ ಕಾಲುನೋವಿಗೆಂದು ಅವಳೇ ಕೊಟ್ಟ ಅತ್ತೆಯ ಮಂಡಿನೋವಿನ ಮಾತ್ರೆ, ದಿನಕ್ಕೆ ಎರಡು ಸಲ ಅರ್ಧರ್ಧ, ನಾಲ್ಕು ದಿನ, ಕೊಬ್ಬರಿ ಚೂರನ್ನು ಕೊರೆದು ಒಳಗಿಟ್ಟು ಬೆಲ್ಲ ಮೆತ್ತಿ, ನಾಯಿಗ್ಯಾಕೆ ನನ್ ಮಾತ್ರೆ, ಡಾಕ್ಟ್ರನ್ನ ಒಂದ್ ಮಾತು ಕೇಳೇ ಅಂದಿದ್ದರು ಭೂತಮ್ಮ, ನಂಗೊತ್ತು ಬಿಡಿ ಅತ್ತೆ ಅಂದಿದ್ದಳು. ಅದೇ ವಾರ ಹತ್ತನೇ ತರಗತಿಗೆ ಪಾಠ ಮಾಡಿದ್ದಳು, ಒಬ್ಬರ ಔಷಧಿ ಇನ್ನೊಬ್ಬರಿಗಲ್ಲ ಮಕ್ಕಳೇ, ನೋವಿನ ಮಾತ್ರೆ ಹೊಟ್ಟೆಯ ಲೋಳೆಯನ್ನು ಸವೆಸುತ್ತದೆ, ಅಲ್ಲಿ ತಣ್ಣಗೆ ಬದುಕಿದ್ದ ಸುರುಳಿ ಬ್ಯಾಕ್ಟೀರಿಯಾಗಳಿಗೂ ಆಗ ದಾರಿ ಸಿಗುತ್ತದೆ, ಚಿತ್ರ ಬರೆದು ಬಾಣದ ಗುರುತು ಹಾಕಿ. ಡಾಕ್ಟರ್ ಮತ್ತೆ ಕೇಳುತ್ತಾರೆ, ಕೌಟು ಒಂದೇ ತಾನೇ, ಬೇರೆ ಮಾತ್ರೆಗೀತ್ರೆ ಏನೂ ಇಲ್ವಲ್ಲ, ಇದ್ರೆ ಹೇಳ್ಬಿಡಿ, ಔಷಧಿ ಬದಲಾಗುತ್ತೆ, ಹೇಳ್ದಿದ್ರೆ ನಾಯಿ ಉಳಿಯಲ್ಲ — ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಮತ್ತೆ ಗಿಡ್ಡಯ್ಯ, ಅಯ್ ಬುಡಿ ಸಾ, ನಮ್ಮಮ್ಮಾರು ಸೈನ್ಸ್ ಟೀಚರ್ರು, ಅಂಥ ದಡ್ಡ ಕೆಲ್ಸ ಮಾಡ್ತಾರಾ, ಅದಕ್ಕೆ ನಾವಿದೀವಲ್ಲ, ನಗುತ್ತಾನೆ, ಡಾಕ್ಟರೂ ನಗುತ್ತಾರೆ, ಪೆನ್ನು ಚೀಟಿಯ ಮೇಲೆ ಓಡತೊಡಗುತ್ತದೆ. ಕೊಟ್ಟಿದ್ದೆ, ಎನ್ನುತ್ತದೆ ಅವಳ ಬಾಯಿಂದ ಯಾರದೋ ದನಿ, ನಾನೇ ಕೊಟ್ಟಿದ್ದೆ, ಮನುಷ್ಯರ ಮಾತ್ರೆ, ನಾಲ್ಕು ದಿನ. ಪೆನ್ನು ನಿಲ್ಲುತ್ತದೆ. ಗಿಡ್ಡಯ್ಯ ಅವಳನ್ನು ನೋಡುವುದಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ, ಅವನು ಬೈದಿದ್ದರೆ ಆಗುತ್ತಿತ್ತು, ಅಥವಾ ನಾಯಿ ಕಚ್ಚಿದ್ದರೆ, ಆದರೆ ಚಿಪ್ಪ ಕತ್ತನ್ನು ಕಷ್ಟಪಟ್ಟು ಇತ್ತ ಹೊರಳಿಸುತ್ತದೆ, ಬಿಸಿ ನಾಲಗೆ ಅಂಗೈಗೆ ತಾಗುತ್ತದೆ, ಬೆರಳ ಸಂದಿಗೆ, ಮತ್ತೆ ಅಂಗೈಗೆ, ಆ ನಾಲ್ಕು ದಿನ ನೆಕ್ಕಿದ ಹಾಗೆಯೇ, ಬೆಲ್ಲದ ಚೂರು ಹುಡುಕುತ್ತಾ, ಬಾಲ ಒಂದು ಸಲ ಮೇಜಿಗೆ ಬಡಿಯುತ್ತದೆ, ನಾಲಗೆ, ಅಂಗೈ, ನಾಲಗೆ —