ಸವೆದ ಜಾಗ

ಅಪ್ಪನ ಪಾರಾಯಣದ ಕ್ಯಾಸೆಟ್ ಹಾಕಿದಾಗ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕೆಲವು ಪದ್ಯಗಳು ಮುಗಿದ ಕೂಡಲೇ ಅಪ್ಪ ವಾಲ್ಯೂಮ್ ಇಳಿಸುತ್ತಿದ್ದರು, ನಾವು ಕೈಮುಗಿಯುತ್ತಿದ್ದೆವು. ಮುಂದಿನ ಪದ್ಯದೊಳಗೆ ದೇವರು ಬಂದು ಕೂರುವ ಹೊತ್ತು ಅದು ಎಂದು ಅವರೇ ಹೇಳಿದ್ದರು. ಅವರು ಹೋಗಿ ಹನ್ನೊಂದು ವರ್ಷ. ಆಮೇಲೆ ಇಳಿಸುವ ಕೆಲಸ ನನ್ನದಾಯಿತು. ಯಾವ ಯಾವ ಪದ್ಯದ ಕೊನೆಗೆ ಎಂಬುದು ಕೈಗೇ ಗೊತ್ತಿತ್ತು.

ಈ ವರ್ಷ ಮಠದವರು ಆ ಕ್ಯಾಸೆಟ್ಟಿನ ಪ್ರತಿ ಕೇಳಿದರು. ಪುಸ್ತಕ ಮುಟ್ಟದೆ ಇನ್ನೂರು ಪದ್ಯ ಹೇಳುತ್ತಿದ್ದವರ ದನಿಯನ್ನು ಸಭೆಯಲ್ಲಿ ಕೇಳಿಸುವುದಿತ್ತು. ಆದರೆ ಕ್ಯಾಸೆಟ್ಟಿನ ದನಿ ಹಿಗ್ಗಿಸುವ ನಮ್ಮ ಹಳೆಯ ಪ್ರಿಆಂಪ್ ಪೆಟ್ಟಿಗೆ ದನಿಯ ಕೆಳಗೆ ಸದಾ ಗುಂಯ್ ಎನ್ನುತ್ತಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ. ರಿಪೇರಿಯ ದೇವದಾಸನಿಗೆ ಹೇಳಿ ಕಳಿಸಿದೆ.

"ಗುಂಯ್ ಅಂದ್ರ ಅನ್ಲಿ ಬಿಡೋ," ಅಂದಳು ಅಮ್ಮ. "ಇಷ್ಟು ದಿನ ಅದರ ಜೋಡಿನೇ ಕೇಳೀವಲ್ಲ."

"ಮಠದಾಗ ಎಲ್ಲಾರೂ ಕೇಳೋದು ಅಮ್ಮಾ."

"ಅದಕ್ಕೇ ಹೇಳಿದೆ."

ದೇವದಾಸ ಪಡಸಾಲೆಯಲ್ಲಿ ಕೂತು ಉಬ್ಬಿದ ಕಂಡೆನ್ಸರುಗಳನ್ನು ಬದಲಿಸಿದ. ಚದುರಿದ್ದ ಅರ್ತಿಂಗ್ ವೈರುಗಳನ್ನೆಲ್ಲ ಒಂದೇ ಜಾಗಕ್ಕೆ ತಂದು ಬೆಸುಗೆ ಹಾಕಿದ. ಕೊನೆಗೆ ಹಳೆಯ ವಾಲ್ಯೂಮ್ ಕಂಟ್ರೋಲ್ ಕಿತ್ತು, ಬಿಚ್ಚಿ, ನನ್ನ ಮುಂದೆ ಹಿಡಿದ.

"ಇಲ್ನೋಡ್ರಿ ಆಚಾರ್ರೇ. ಎಲ್ಲಾ ಕಡಿ ಕರ್ರಗ ಐತಿ, ಇದೊಂದು ಜಾಗ ಸವದು ಹೋಗೇತಿ. ಮಂದಿ ಮನ್ಯಾಗ ಏರಿಸೀ ಏರಿಸೀ ಕೆಡಸ್ತಾರ. ನೀವು ಇಳಿಸೀ ಕೆಡಿಸೀರಿ."

"ಭಕ್ತಿಯಿಂದ ಸವೆದದ್ದು," ಎಂದೆ. ಅಮ್ಮ ನಕ್ಕಂತಾಯಿತು.

ಹೊಸ ಕಂಟ್ರೋಲ್ ಕೂಡಿಸಿ, ಅದರ ಮೇಲೆ ಕೈಯಿಟ್ಟುಕೊಂಡೇ ದೇವದಾಸ ಕ್ಯಾಸೆಟ್ ಹಾಕಿದ. ಗುಂಯ್ ಇರಲಿಲ್ಲ. ಅಪ್ಪ ಎದುರಿಗೆ ಕೂತು ಹೇಳಿದಂತಿತ್ತು. ಒಂಬತ್ತನೆಯ ಪದ್ಯ ಮುಗಿಯಿತು. ಇಳಿಸಬೇಕೆಂದು ಅವನಿಗೇನು ಗೊತ್ತು? ಕ್ಯಾಸೆಟ್ಟಿನಲ್ಲಿ ಅಪ್ಪ ತಡವರಿಸಿ ನಿಂತರು. ಆಗ ಎಲ್ಲೋ ಹಿಂದಿನಿಂದ ಒಂದು ಹೆಣ್ಣು ದನಿ, ಮೆಲ್ಲಗೆ, ಮುಂದಿನ ಪದ್ಯದ ಮೊದಲ ಪದ ಹೇಳಿತು. ಅಪ್ಪ ಅದನ್ನು ಎತ್ತಿಕೊಂಡು ಗಂಭೀರವಾಗಿ ಮುಂದುವರಿಸಿದರು.

"ಇದೇನ್ರಿ, ನಡುವ ರೇಡಿಯೋ ಸ್ಟೇಷನ್ ಕೂಡಿಕೊಂತಾ?" ಅಂದ ದೇವದಾಸ.

"ಸ್ಟೇಷನ್ ಅಲ್ಲಪ್ಪಾ," ಅಂದಳು ಅಮ್ಮ. "ನಾನು."

ಅವನು ಬೇಗ ಸಾಮಾನು ಕಟ್ಟಿಕೊಂಡು ಹೋದ.

"ನಿನಗ ಬರ್ತಿತ್ತಾ?"

"ತವರಿನಾಗ ನಮ್ಮಪ್ಪ ಗಂಡುಮಕ್ಕಳಿಗೆ ಹೇಳಿಕೊಡೋವಾಗ ನಾ ಒಳಗ ಹರಿವಾಣದಾಗ ಅಕ್ಕಿ ಆರಸ್ತಿದ್ದೆ. ಬಂತು."

"ಎಷ್ಟು?"

"ಎಲ್ಲಾ."

"ಮತ್ತ ಅಪ್ಪಗ?"

"ದನಿ ಚಲೋ ಇತ್ತು," ಅಂದಳು.

"ಇಷ್ಟು ವರ್ಷ ನನಗ್ಯಾಕ ಹೇಳ್ಲಿಲ್ಲ?"

"ಯಾವಾಗ ಹೇಳ್ಲೋ? ಕ್ಯಾಸೆಟ್ ಹಾಕಿದ್ರ, ಪಾತ್ರೆ ಸಪ್ಪಳ ಮಾಡಬ್ಯಾಡ ಅಂತ ಒದರ್ತಿದ್ದಿ."

"ಹಾಂಗೇ ಕಳಸ್ತೀನಿ. ಮಠದಾಗ ಎಲ್ಲಾರೂ ನಿನ್ನ ದನಿ ಕೇಳ್ಲಿ," ಎಂದೆ. ಅವಳು ಮಣೆ ಎಳೆದುಕೊಂಡು ನನ್ನೆದುರು ಕೂತಳು.

ಪ್ರಿಆಂಪಿನಿಂದ ಲ್ಯಾಪ್‌ಟಾಪಿಗೆ ವೈರು ಕೊಟ್ಟು ಪ್ರತಿ ತೆಗೆಯಲು ಶುರು ಮಾಡಿದೆ. ಒಂಬತ್ತನೆಯ ಪದ್ಯ ಮುಗಿಯುವಾಗ ನನ್ನ ಕೈ ಆಗಲೇ ಗುಂಡಿಯ ಮೇಲಿತ್ತು. ಇಳಿಸಿತು. ರೂಢಿ, ಅಂದುಕೊಂಡೆ. ಹದಿನಾಲ್ಕನೆಯದಕ್ಕೆ ಯೋಚಿಸಲು ಸಮಯವಿತ್ತು. ಸಭೆಯಲ್ಲಿ ಕೂರುವವರ ಮುಖಗಳು ಕಣ್ಣ ಮುಂದೆ ಬಂದವು, ಅಪ್ಪನ ಹೆಸರು ಬಂತು. ಇಳಿಸಿದೆ. ಅದು ರೂಢಿಯಲ್ಲ. ಹಳೆಯದಾಗಿದ್ದರೆ ಕರಕರ ಅಂತಾದರೂ ಅನ್ನುತ್ತಿತ್ತು. ಹೊಸದು ಬೆಣ್ಣೆಯಂತೆ ತಿರುಗಿತು.

ಅಮ್ಮ ಎದ್ದಳು.

"ಕೈ ನಿಮ್ಮಪ್ಪಂದೇ ಅದ," ಅಂದು ಅಡಿಗೆಮನೆಗೆ ಹೋದಳು.

ಪ್ರತಿ ಮುಗಿಯುವವರೆಗೂ ಒಳಗಿನಿಂದ ಒಂದು ಪಾತ್ರೆಯ ಸಪ್ಪಳವೂ ಬರಲಿಲ್ಲ.